ಇಸ್ತ್ರಿ ಮೇಜಿನ ಉದ್ದ

ಸಕ್ಕರೆ ಇನ್ನೂರ ನಲವತ್ತು, ಅಂದರು ಡಾಕ್ಟರಮ್ಮ.
ದಿನಕ್ಕೆ ಎಂಟು ಸಾವಿರ ಹೆಜ್ಜೆ ಹಾಕಬೇಕಂತೆ.
ಯಾರು ಎಣಿಸ್ತಾರೆ ತಾಯಿ, ಅಂದೆ.
ಅದಕ್ಕೊಂದು ವಾಚು ಬರುತ್ತೆ ರೇವಮ್ಮ, ಕಟ್ಟಿಕೊಳ್ಳಿ.

ತಂಗಿಯ ಮಗ ಹೇಮಂತ ತನ್ನ ಹಳೆಯದೊಂದನ್ನು
ನನ್ನ ಬಲಗೈಗೆ ಬಿಗಿದು ಹೋದ.
ಸಾಲಗಾಮೆ ರಸ್ತೆ, ಬಾದಾಮಿ ಮರದ ಕೆಳಗೆ ನನ್ನ ತಳ್ಳುಗಾಡಿ.
ತಳ್ಳಿ ಹನ್ನೆರಡು ವರ್ಷವಾಯಿತು,
ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ್ದೇನೆ.
ಕೆಂಡ ತುಂಬಿ, ಬೂದಿ ಊದಿ, ನೀರು ಚಿಮುಕಿಸಿ ಶುರುಮಾಡಿದೆ.
ಎರಡು ಗಂಟು ಮುಗಿಯುವಷ್ಟರಲ್ಲಿ
ಮಣಿಕಟ್ಟು ಗುಂಯ್ ಅಂತು.
ಎಂಟು ಸಾವಿರ! ಗಾಜಿನೊಳಗೆ ಪಟಾಕಿ, ಬಣ್ಣದ ಕಾಗದ.
ಸಂಜೆಗೆ ಇಪ್ಪತ್ತೊಂದು ಸಾವಿರ.
ಹೇಮಂತ ಲೆಕ್ಕ ಹಾಕಿ ನಕ್ಕ:
ದೊಡ್ಡಮ್ಮ, ನೀನೀಗ ಶಾಂತಿಗ್ರಾಮ ದಾಟಿದ್ದೀಯ.

ಶಾಂತಿಗ್ರಾಮದಲ್ಲಿ ನನಗೇನು ಕೆಲಸ?
ಪಾದ ನೋಡಿಕೊಂಡೆ.
ಅದೇ ಗೋಣಿಚೀಲದ ಮೇಲೆ, ಅದೇ ಎರಡು ತಗ್ಗಿನಲ್ಲಿ,
ಬೆಳಗಿನಿಂದ.
ಮುಂದಿನ ತಿಂಗಳು ಸಕ್ಕರೆ ಇನ್ನೂರ ಅರವತ್ತು.

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಫೈಜಾನನ ಅಂಗಡಿ.
ಎಡಗೈಗೆ ಕಟ್ಟಿ ಅಮ್ಮ, ಅಂದ.
ಎಡಗೈ ಸುಮ್ಮನಿರುತ್ತಾ ಮಗಾ?
ಬಲಗೈ ತಳ್ಳಿದರೆ ಅದು ಎಳೆಯಬೇಕು, ಹರಡಬೇಕು,
ನೆರಿಗೆ ಹಿಡಿದು ಕಾಯಬೇಕು.
ಅವನಿಗೆ ನಂಬಿಕೆ ಬರಲಿಲ್ಲ.
ಗಾಜು ಒರೆಸುವ ಬಟ್ಟೆ ಕೊಟ್ಟು, ಉಜ್ಜಿ ನೋಡೋಣ ಅಂದ.
ಚಾರ್ಜರು, ಇಯರ್‌ಫೋನುಗಳ ನೆತ್ತಿಯ ಮೇಲೆ
ಇಲ್ಲದ ಷರಟಿಗೆ ಇಸ್ತ್ರಿ ಹಾಕಿದೆ.
ಅವನು ತುಟಿಯಲ್ಲೇ ಎಣಿಸಿದ: ಐವತ್ತು.
ವಾಚು ಹೇಳಿತು: ನಲವತ್ತಮೂರು.
ಏಳು ಎಲ್ಲಿ ಹೋದವು?
ತಲೆ ಕೆರೆದುಕೊಂಡ. ನನಗೆ ಗೊತ್ತಿತ್ತು,
ಅವು ಕಾಲರಿನವು. ಪೆಟ್ಟಿಗೆಯ ಮೂತಿಯಲ್ಲಿ,
ಉಸಿರು ಹಿಡಿದು, ಕೂದಲೆಳೆಯಷ್ಟೇ ಸರಿಸುವಂಥವು.
ಗಿರಾಕಿ ಮೊದಲು ನೋಡುವುದು ಅದನ್ನೇ.

ಸಾವಿರದ ಎಂಟುನೂರರದ್ದು ನಾಡಿ ನೋಡುತ್ತದಂತೆ,
ನಿದ್ದೆ ಅಳೆಯುತ್ತದಂತೆ.
ಬಾರದ ನಿದ್ದೆ ನನಗೇ ಗೊತ್ತಲ್ಲಪ್ಪ.
ನೀರಲ್ಲಿ ಮುಳುಗಿಸಿದರೂ ಏನೂ ಆಗಲ್ಲ, ಅಂದ.
ಕೆಂಡದ ಹತ್ತಿರ?
ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದ;
ಕೆಂಡದ ಮಾತು ಎಲ್ಲೂ ಬರೆದಿರಲಿಲ್ಲ.
ಕಾಲಿಗೆ ಕಟ್ಟುವ ಪಟ್ಟಿ ತೋರಿಸಿದ.
ಬೇಡ, ತುಡುಗು ಹಸುವಿನ ಕೊರಡಿನ ಹಾಗೆ.

ಕೊನೆಗೆ ಡ್ರಾಯರಿನ ತಳದಿಂದ
ಸೊಂಟಕ್ಕೆ ಸಿಕ್ಕಿಸುವುದೊಂದು ತೆಗೆದ,
ಕೋಟಿನ ಗುಂಡಿಯಷ್ಟು, ಧೂಳು ಹಿಡಿದದ್ದು.
ಇದನ್ನು ಯಾರೂ ಕೇಳಲ್ಲಮ್ಮ, ಕೈಯಲ್ಲಿ ಕಾಣಲ್ಲವಲ್ಲ.
ನಾನೂರ ಐವತ್ತು.
ಎಲಡಿಕೆ ಚೀಲದ ಪಕ್ಕ ಸಿಕ್ಕಿಸಿಕೊಂಡು
ಐವತ್ತು ಸಲ ಉಜ್ಜಿದೆ. ಸೊನ್ನೆ.
ಬಾಗಿಲ ತನಕ ಹೋಗಿ ಬಂದೆ. ಹದಿನಾಲ್ಕು.
ಇಬ್ಬರೂ ನಕ್ಕೆವು.

ಮಾರನೆಯ ದಿನ ದೀಪ ಹಚ್ಚುವ ಹೊತ್ತಿಗೆ
ನೂರ ಮೂವತ್ತು ಬಟ್ಟೆ,
ಹೆಗಲ ಕೀಲಲ್ಲಿ ಮೆಣಸಿನಕಾಯಿ ಅರೆದಂಥ ಉರಿ,
ಅದು ತೋರಿಸಿದ್ದು ಆರುನೂರ ಹನ್ನೊಂದು.
ಸಿಟ್ಟು ಬಂತು.
ಬುದ್ಧಿ ಕಲಿಸುವವಳ ಹಾಗೆ ಗಾಡಿಗೆ ಎರಡು ಸುತ್ತು ಬಂದೆ.
ಆರುನೂರ ನಲವತ್ತು.

ಈಗ ಗಂಟುಗಳನ್ನು ಹೇಮಂತನ ಟಿವಿಎಸ್ಸಿಗೆ ಕೊಡುವುದಿಲ್ಲ.
ನಾನೇ ಹೊತ್ತು ಹೋಗುತ್ತೇನೆ,
ಲಿಫ್ಟು ಕೆಟ್ಟ ಮೂರನೇ ಮಹಡಿಗೆ ಮೊದಲು.
ಸಾಲದೆ ಬಿದ್ದದ್ದಕ್ಕೆ ಮಹಾರಾಜ ಪಾರ್ಕು.
ಬಿಳಿ ಬೂಟಿನವರು ಕೈ ಬೀಸಿಕೊಂಡು ನಡೆಯುತ್ತಾರೆ;
ನನ್ನ ಕೈ ಮಾತ್ರ ಬೀಸುವುದಿಲ್ಲ,
ಸೆರಗಿನೊಳಗೆ ಮಲಗಿಬಿಡುತ್ತದೆ.

ಹೇಗಿದೆಯಮ್ಮ ಸೊಂಟದ್ದು, ಅಂತ ಫೈಜಾನ್ ಕೇಳಿದ.
ಸುಳ್ಳು ಹೇಳಲ್ಲ ಮಗಾ, ಅದೊಂದೇ ತೊಂದರೆ.

ಡಾಕ್ಟರಮ್ಮನಿಗೆ ಹೇಳಬೇಡಿ,
ಹಳೇ ವಾಚನ್ನು ನಾನಿನ್ನೂ ಎಸೆದಿಲ್ಲ.
ಮದುವೆ ಕಾಲದಲ್ಲಿ, ರೇಷ್ಮೆಸೀರೆ ರಾಶಿ ಬಿದ್ದ ದಿನ,
ಬಲಗೈಗೆ ಅದನ್ನೂ ಕಟ್ಟುತ್ತೇನೆ.
ಮೊನ್ನೆ ಚನ್ನರಾಯಪಟ್ಟಣ ಇನ್ನು ನಾಲ್ಕೇ ಮೈಲಿ ಇತ್ತು,
ಕೆಂಡ ಆರಿಹೋಯಿತು.